ಇಪ್ಪತ್ತು ಸೆಕೆಂಡಿನಲ್ಲಿ ಸೋತ ಓಟಗಾರ್ತಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ದೈಹಿಕ ಶಿಕ್ಷಣದ ರಸಪ್ರಶ್ನೆ ಆಟವನ್ನು ನಾಲ್ಕು ವಾರಗಳಿಂದ ಆಡಿಸದಿರುವುದಕ್ಕೆ ಕಾರಣ ಕೇಳಿ ತಾವು ನೋಟಿಸು ಕಳಿಸಿದ್ದೀರಿ. ಕಾರಣ ಬರೆಯಲು ಕೊಟ್ಟಿರುವ ಜಾಗ ಎರಡು ಸಾಲು. ನನ್ನದು ಅಷ್ಟರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಹತ್ತು ಜನ ಓದುವಂತೆ ಬಹಿರಂಗ ಪತ್ರವಾಗಿಯೇ ಬರೆಯುತ್ತಿದ್ದೇನೆ. ತಮ್ಮ ಆಟ ನನ್ನ ಒಬ್ಬ ವಿದ್ಯಾರ್ಥಿನಿಯನ್ನು ಶಾಲೆ ಬಿಡಿಸಿತು. ಆಡಿಸಿದವನು ನಾನೇ.

ಹತ್ತೊಂಬತ್ತು ವರ್ಷಗಳಿಂದ ನಾನು ಮೈದಾನದಲ್ಲಿದ್ದೇನೆ. ಆಟಕ್ಕೂ ಸಿದ್ಧಾಂತ ಬೇಕೆಂದು ತಾವು ಹೇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಪರದೆಯ ಮೇಲೆ ಪ್ರಶ್ನೆ, ಮಕ್ಕಳ ಕೈಯಲ್ಲಿ ಟ್ಯಾಬ್, ಉತ್ತರಕ್ಕೆ ಇಪ್ಪತ್ತು ಸೆಕೆಂಡು, ಬೇಗ ಒತ್ತಿದವರಿಗೆ ಹೆಚ್ಚು ಅಂಕ, ಕೊನೆಗೆ ಸಂಗೀತದೊಡನೆ ಎಲ್ಲರ ಸ್ಥಾನಪಟ್ಟಿ. ಮಕ್ಕಳು ಕುಣಿದಾಡಿದರು. ‘ಇದರಲ್ಲಿ ಸೋಲುವ ಮಗುವೇ ಇಲ್ಲ’ ಎಂದು ತರಬೇತಿಯಲ್ಲಿ ನಮಗೆ ಹೇಳಲಾಗಿತ್ತು. ಹಾಗಾದರೆ ಪಟ್ಟಿಗೆ ಕೊನೆಯ ಸಾಲು ಏಕಿತ್ತು, ಮಾನ್ಯರೇ?

ಎಂಟನೆಯ ತರಗತಿಯಲ್ಲಿ ಒಬ್ಬಳಿದ್ದಳು. ಓಟಕ್ಕಿಳಿದರೆ ಯಾರ ಕೈಗೂ ಸಿಗದವಳು. ಗೆಳತಿಯರು ಅವಳಿಗೆ ‘ಗಾಳಿ’ ಎಂದೇ ಹೆಸರಿಟ್ಟಿದ್ದರು. ಓದು ಮಾತ್ರ ಕಬ್ಬಿಣದ ಕಡಲೆ. ‘ಅಕ್ಷರ ಒಂದ್ಕಡೆ ನಿಲ್ಲಲ್ಲ ಸಾರ್, ಅದಲುಬದಲಾಗ್ತವೆ’ ಎನ್ನುತ್ತಿದ್ದಳು. ಓಡಿದ ಮೇಲೆ ತಟ್ಟನೆ ಏಕೆ ಕೂರಬಾರದು, ಮೀನಖಂಡ ಹಿಡಿದುಕೊಂಡರೆ ಏನು ಮಾಡಬೇಕು ಎಂದು ಚಿಕ್ಕ ತರಗತಿಯವರ ಕಾಲು ನೀವಿ ತೋರಿಸಿಕೊಡುತ್ತಿದ್ದವಳು ಅವಳೇ. ಅದೇ ಪ್ರಶ್ನೆ ಪರದೆಗೆ ಬಂದರೆ, ಅವಳು ಮೊದಲ ಸಾಲು ದಾಟುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಆರು ಮಂಗಳವಾರ, ಆರು ಸಲವೂ ಕೊನೆಯ ಸ್ಥಾನ. ಆರನೆಯ ಸಲ ಹಿಂದಿನ ಬೆಂಚಿನಿಂದ ಯಾರೋ, ‘ಗಾಳಿ ಅಲ್ಲ ಕಣ್ರೋ, ಪಂಕ್ಚರ್!’ ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ.

ಮರುದಿನದಿಂದ ಅವಳು ಬರಲಿಲ್ಲ. ಹತ್ತು ದಿನ ಕಾದು, ಅವಳ ತಾಯಿ ಕೆಲಸ ಮಾಡುವ ಲಾಂಡ್ರಿಗೆ ಹೋದೆ. ಹಬೆಯ ನಡುವೆ ಅಮ್ಮ ಮಗಳು ಎದುರುಬದುರು ನಿಂತು ಚಾದರ ಮಡಚುತ್ತಿದ್ದರು.

‘ಶಾಲೆಗೆ ಬಾರಮ್ಮ’ ಎಂದೆ.

ತಾಯಿಯೇ ಉತ್ತರಿಸಿದರು: ‘ಎಲ್ಲಾ ಪೀರಿಯಡ್‌ನಲ್ಲೂ ದಡ್ಡಿ ಅನ್ನಿಸ್ಕೊಂಡು ಬರ್ತಿದ್ಲು ಸಾರ್. ನಿಮ್ದೊಂದು ಪೀರಿಯಡ್ ಇದೆ ಅಂತ ಹೋಗ್ತಿದ್ಲು. ಈಗ ಅದೂ ಓದೋ ಪೀರಿಯಡ್ ಆಯ್ತಂತಲ್ಲ?’

ಹುಡುಗಿ ತಲೆಯೆತ್ತದೆ ಕೇಳಿದಳು: ‘ಸಾರ್, ಆ ಪಟ್ಟೀಲಿ ನನ್ನ ಹೆಸರು ಇನ್ನೂ ಬರುತ್ತಾ?’

‘ಇಲ್ಲಮ್ಮ’ ಎಂದೆ. ಸುಳ್ಳು ಹೇಳಿದೆ.

ಬರುತ್ತಿತ್ತು. ಆಡದವರಿಗೆ ಸೊನ್ನೆ ಕೊಟ್ಟು ಕೆಳಗೆ ನಿಲ್ಲಿಸುವುದು ತಮ್ಮ ಆಟದ ನಿಯಮ. ಹೆಸರು ತೆಗೆಯಹೋದರೆ ಅದು ಕಾರಣ ಕೇಳುತ್ತದೆ. ಆಯ್ಕೆ ಎರಡೇ: ವರ್ಗಾವಣೆ, ಮರಣ. ಬದುಕಿರುವ ಮಗುವಿಗೆ ಯಾವುದನ್ನು ಒತ್ತಲಿ? ಪ್ರತಿ ಮಂಗಳವಾರ ಸಂಗೀತ ಮೊಳಗಿದ ಮೇಲೆ, ಖಾಲಿ ಬೆಂಚಿನವಳ ಹೆಸರು ಪರದೆಯ ತಳಕ್ಕೆ ಬಂದು ನಿಲ್ಲುತ್ತಿತ್ತು. ಈಗ ಯಾರೂ ನಗುತ್ತಿರಲಿಲ್ಲ. ಅತ್ತ ನೋಡುತ್ತಲೂ ಇರಲಿಲ್ಲ. ಒಂದು ದಿನ, ಅವಳಿಗಿಂತ ಒಂದೇ ಸ್ಥಾನ ಮೇಲಿದ್ದ ಹುಡುಗಿ ನನ್ನ ಬಳಿ ಬಂದು ಪಿಸುಗುಟ್ಟಿದಳು: ‘ಅವಳ ಹೆಸ್ರು ತೆಗೀಬೇಡಿ ಸಾರ್. ತೆಗೆದ್ರೆ ನಾನು ಕೊನೆ ಆಗ್ತೀನಿ.’

ಗಾಳಿ ಸೋಕುವುದು ಎಂದು ಹಿರಿಯರು ಹೇಳುತ್ತಿದ್ದುದೇನೆಂದು ಅವತ್ತು ನನಗೆ ತಿಳಿಯಿತು. ಮಕ್ಕಳು ಓಡುವಾಗಲೂ ಮೈದಾನದಲ್ಲಿ ಒಬ್ಬಳ ಹೆಜ್ಜೆ ಕಡಿಮೆ ಕೇಳಿಸುತ್ತದೆ. ಸೀಟಿ ಊದುವ ಮೊದಲು ಸಾಲಿನಲ್ಲಿ ಅವಳನ್ನು ಹುಡುಕುತ್ತೇನೆ.

ಆ ದಿನವೇ ಆಟ ನಿಲ್ಲಿಸಿದೆ. ಈಗ ಪ್ರಶ್ನೆಗಳನ್ನು ಮೈದಾನದಲ್ಲಿ ನಾನೇ ಓದಿ ಹೇಳುತ್ತೇನೆ. ಗೊತ್ತಿದ್ದವರು ಮಾಡಿ ತೋರಿಸುತ್ತಾರೆ. ಇದನ್ನು ಹೇಳಲು ಮತ್ತೆ ಲಾಂಡ್ರಿಗೆ ಹೋಗಿದ್ದೆ. ‘ನೋಡ್ತೀನಿ ಸಾರ್’ ಎಂದಳು. ಇನ್ನೂ ಬಂದಿಲ್ಲ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಆಟ ಇರಲಿ, ಪ್ರಶ್ನೆಯನ್ನು ಓದಿ ಹೇಳುವ ಧ್ವನಿ ಇರಲಿ. ಗಡಿಯಾರ ಹೋಗಲಿ. ಅಂಕ ಆಯಾ ಮಗುವಿಗೆ ಮಾತ್ರ ಕಾಣಲಿ. ಜೊತೆಗೆ, ಆ ಹುಡುಗಿಯನ್ನು ಮರಳಿ ಕರೆಯಲು ತಾವೇ ಖುದ್ದು ಬರಬೇಕು. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನನ್ನ ಉತ್ತರಕ್ಕೆ ತಾವು ಏಳು ದಿನ ಕೊಟ್ಟಿದ್ದೀರಿ. ನಾನೂ ಅಷ್ಟೇ ಕೊಡುತ್ತೇನೆ.

ಇಂತಿ,
ಶಿಸ್ತುಕ್ರಮವನ್ನು ಎದುರುನೋಡುತ್ತಿರುವ, ತಮ್ಮವನೇ ಆದ
ಒಬ್ಬ ಪಿ.ಟಿ. ಮೇಷ್ಟ್ರು