ತಾನೇ ತೆರೆಯುವ ಬಾಗಿಲು

ಬುಧವಾರ, ಸಂಜೆ

ಪ್ರೀತಿಯ ಗುಬ್ಬಿ,

‘ಬರಿಗೈಯಲ್ಲಿ ಬಂದವಳಿಗೆ ಬಾಗಿಲು ತಾನೇ ತೆರೆಯಿತು.’ ಎಲ್ಲಿ ಓದಿದ್ದೆನೋ, ಮುಂದಿನ ಸಾಲು ಏನಿತ್ತೋ, ಬೆಳಗಿನಿಂದ ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಸಾಲೇನೋ ಚೆನ್ನಾಗಿದೆ. ಆದರೆ ನಿಜವೇ? ಇವತ್ತು ನನಗೆ ತಾನಾಗಿ ತೆರೆದುಕೊಂಡದ್ದು ಬ್ಯಾಂಕಿನ ಗಾಜಿನ ಬಾಗಿಲು ಒಂದೇ. ಅದು ಬೀದಿನಾಯಿ ಬಂದರೂ ತೆರೆಯುತ್ತದೆ.

ಮೊದಲು ಮುಖ್ಯ ಮಾತು. ತಿಂಗಳ ಮೊದಲಿಗೆ ನೀನು ಕಳಿಸುವ ಹಣವನ್ನು ಈ ಸಲ ಕಳಿಸಬೇಡ. ಮುಖ ಊದಿಸಿಕೊಳ್ಳದೆ ಪೂರ್ತಿ ಓದು. ಆ ಹಣ ನನ್ನ ಖಾತೆಗೆ ಬರುತ್ತದೆ, ನನ್ನ ಕೈಗೆ ಬರುವುದಿಲ್ಲ.

ಪ್ರೆಸ್ಸು ಮುಚ್ಚಿ, ಬೆನ್ನೂ ಕೈಕೊಟ್ಟ ಮೇಲೆ ನಾನು ಸರ್ಕಾರದ ಭತ್ಯೆಯಲ್ಲಿ ಬದುಕುತ್ತಿರುವುದು ನಿನಗೆ ಗೊತ್ತೇ ಇದೆ. ಭತ್ಯೆ ಬರುವುದು ತಿಂಗಳಿಗೊಂದು ಶುಕ್ರವಾರ, ಖಾತೆಯಿಂದ ಬಾಡಿಗೆ ಕಡಿತವಾಗುವುದೂ ಅದೇ ದಿನ. ಚಳಿಗಾಲದಲ್ಲಿ ಒಮ್ಮೆ ರಜೆ ಅಡ್ಡ ಬಂದು ಭತ್ಯೆ ತಡವಾಯಿತು. ಬಾಡಿಗೆಗೆ ಯಾವ ರಜೆ? ಅದು ಹೋಯಿತು, ಖಾತೆ ಸೊನ್ನೆಗಿಂತ ಕೆಳಗಿಳಿಯಿತು. ಬ್ಯಾಂಕು ತಡೆಯಲಿಲ್ಲ, ಇಲ್ಲದ ಹಣವನ್ನು ತಾನೇ ಕೊಟ್ಟು ಉಪಕಾರ ಮಾಡಿತು. ಅದಕ್ಕೆ ಓವರ್‌ಡ್ರಾಫ್ಟ್ ಅಂತ ಹೆಸರು. ಉಪಕಾರಕ್ಕೊಂದು ಶುಲ್ಕ, ಶುಲ್ಕದಿಂದ ಖಾತೆ ಇನ್ನೂ ಕೆಳಗೆ, ಇಳಿದದ್ದಕ್ಕೆ ಮತ್ತೆ ಶುಲ್ಕ. ಅಲ್ಲಿಂದ ಪ್ರತಿ ಸಲದ ಭತ್ಯೆಯೂ ಆ ಹಳ್ಳ ತುಂಬುವುದರಲ್ಲೇ ಮುಗಿಯುತ್ತಿದೆ. ತೂತುಕೊಡಕ್ಕೆ ನೀನೂ ನೀರು ಹೊಯ್ಯುತ್ತಿದ್ದೀಯ, ತಾಯಿ.

ಈ ಸೌಲಭ್ಯ ಬೇಡವಾದರೆ ತಿಳಿಸಿ ಅಂತ ಬ್ಯಾಂಕಿನವರು ಹಿಂದೆಯೇ ಕಾಗದ ಕಳಿಸಿದ್ದರು. ನಾನೇನು ಮಾಡಿದೆ ಗೊತ್ತೇ? ಕೆಂಪು ಪೆನ್ನು ಹಿಡಿದು ಅದರಲ್ಲಿದ್ದ ಅಕ್ಷರದ ತಪ್ಪುಗಳನ್ನೆಲ್ಲ ತಿದ್ದಿ, ಗೆದ್ದವಳ ಹಾಗೆ ಮಡಿಸಿಟ್ಟೆ. ಜೀವಮಾನವೆಲ್ಲ ಪ್ರೂಫ್ ನೋಡಿದವಳ ಚಾಳಿ. ಅಕ್ಷರ ಕಾಣುತ್ತದೆ, ಹೇಳಿದ್ದು ಕಾಣುವುದಿಲ್ಲ.

ಇವತ್ತು ಕೌಂಟರಿನಲ್ಲಿದ್ದ ಹುಡುಗಿ ನಿನ್ನ ವಯಸ್ಸಿನವಳು. ಈ ದುಡ್ಡು ನಾನು ಊಟ ಮಾಡಲಿ ಅಂತ ಸರ್ಕಾರ ಕೊಡೋದು ಕಣಮ್ಮ, ನಿಮ್ಮ ಶುಲ್ಕಕ್ಕಲ್ಲ ಅಂದೆ. ಸಿಸ್ಟಮ್ಮಿಗೆ ಅದೆಲ್ಲ ಗೊತ್ತಾಗಲ್ಲ ಆಂಟಿ, ದುಡ್ಡು ಬಂದ್ರೆ ತಗೊಳ್ಳುತ್ತೆ ಅಂದಳು. ಹಾಗಾದರೆ ಆ ಸಿಸ್ಟಮ್ಮನ್ನೇ ಕರೀಮ್ಮ, ನಾನೇ ಮಾತಾಡ್ತೀನಿ ಅಂದೆ. ಹಿಂದೆ ಸಾಲಿನಲ್ಲಿದ್ದವರು ಬೇಕೆಂದೇ ಕೆಮ್ಮಿದರು. ನನ್ನ ಕಿವಿ ಬಿಸಿಯಾಯಿತು. ಹುಡುಗಿ ಅತ್ತಿತ್ತ ನೋಡಿ, ನಾನು ಹೇಳ್ದೆ ಅನ್ಬೇಡಿ, ಓವರ್‌ಡ್ರಾಫ್ಟ್ ಇಲ್ಲದ ಖಾತೆ ಬೇರೆ ಕಡೆ ತೆಗೀರಿ, ಭತ್ಯೆ ಅಲ್ಲಿಗೆ ಬರೋ ಹಾಗೆ ಮಾಡಿ, ಇಲ್ಲಿನ ಬಾಕೀನ ಕಂತಲ್ಲಿ ಕಟ್ತೀನಿ ಅಂತ ಬರೆದುಕೊಡಿ ಅಂತ ಪಿಸುಗುಟ್ಟಿದಳು.

ಎದುರು ರಸ್ತೆಯ ಬ್ಯಾಂಕಿನವರು ನಾಳೆ ಬೆಳಿಗ್ಗೆಯೇ ಖಾತೆ ತೆಗೆದುಕೊಡುತ್ತಾರಂತೆ. ಮಧ್ಯಾಹ್ನದೊಳಗೆ ಹೊಸ ನಂಬರು ಭತ್ಯೆ ಕಚೇರಿಗೆ ತಲುಪಿದರೆ ಈ ಶುಕ್ರವಾರದ ಹಣ ಉಳಿಯುತ್ತದೆ. ಇಲ್ಲದಿದ್ದರೆ ಅದೂ ಹಳ್ಳಕ್ಕೇ. ಹಳ್ಳ ತೀರ ಆಳವಾಯಿತೆಂದು ಬ್ಯಾಂಕು ಉಪಕಾರ ನಿಲ್ಲಿಸಿದ್ದರಿಂದ ಹೋದ ತಿಂಗಳ ಬಾಡಿಗೆ ಆಗಲೇ ತಪ್ಪಿದೆ. ಇನ್ನೊಂದು ಸಲ ತಪ್ಪಿದರೆ ಗಂಟುಮೂಟೆ ಕಟ್ಟಿ ಅಂತ ಮಾಲೀಕ ಮೆಟ್ಟಿಲ ಮೇಲೆ ನಿಂತೇ ಹೇಳಿ ಹೋಗಿದ್ದಾನೆ.

ಖಾತೆಗೆ ವಿಳಾಸದ ದಾಖಲೆ ಬೇಕು. ನಮ್ಮ ಮಹಡಿಯ ಎರಡು ಮನೆಗೂ ಒಂದೇ ಕರೆಂಟು ಬಿಲ್ಲು, ಅದಿರುವುದು ಪಕ್ಕದ ಮನೆಯವಳ ಹೆಸರಿನಲ್ಲಿ. ನಾನಿಲ್ಲಿ ಇರುವುದು ನಿಜ ಅಂತ ಅವಳು ಬಿಲ್ಲಿನ ಮೇಲೆ ಬರೆದು ಸಹಿ ಹಾಕಬೇಕು. ಗುಡುಗಮ್ಮ! ಬಸ್ ಕಂಡಕ್ಟರ್ ಆಗಿದ್ದವಳು, ಇವತ್ತಿಗೂ ಮನೆಯಲ್ಲಿ ಮಾತಾಡಿದರೆ ಹಿಂದಿನ ಸೀಟಿಗೆ ಕೇಳಿಸುವ ಹಾಗೆ ಮಾತಾಡುತ್ತಾಳೆ. ನಾನು ಬೆಳಿಗ್ಗೆ ಜೋರಾಗಿ ಪದ್ಯ ಓದುತ್ತೇನೆಂದು, ಇದೇನು ಮನೇನಾ ಸ್ಕೂಲಾ ಅಂತ ಗೋಡೆ ಗುದ್ದಿದ್ದಳಲ್ಲ. ನಿಮ್ಮ ಗಂಟಲಿಗಿಂತ ನನ್ನ ಪದ್ಯ ವಾಸಿ ಅಂದುಬಿಟ್ಟಿದ್ದೆ. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ನಾನು ಓದುವುದನ್ನೂ ಬಿಟ್ಟೆ.

ಬಂದೊಡನೆ ಹೋಗಿ ತಟ್ಟಿದೆ. ಬೀಗ. ಅವಳ ಹೆಜ್ಜೆ ಸದ್ದಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಏನೆಂದು ಕೇಳಲಿ? ನನ್ನ ಹತ್ತಿರ ಏನೂ ಇಲ್ಲ, ನಾನು ಇಲ್ಲಿದ್ದೇನೆ ಅಂತಾದರೂ ಬರೆದುಕೊಡಿ ಅನ್ನಲೇ?

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳುತ್ತೇನೆ. ಫೋನು ನಾನು ಬರೆದಿದ್ದ ಹಾಗೆ ನೀರಿಗೆ ಬಿದ್ದಿಲ್ಲ, ಹಣ ಕಟ್ಟದೆ ನಿಂತಿದೆ. ನಿನ್ನ ದುಡ್ಡಿನಲ್ಲಿ ಕೊಂಡೆ ಅಂತ ಬರೆದಿದ್ದೆನಲ್ಲ ನೀಲಿ ಸ್ವೆಟರು, ಅದೂ ಇಲ್ಲ. ಗುಂಡಿಯ ಆಕಾರ ಸಮೇತ ವರ್ಣಿಸಿದ್ದೆ. ಊಟದ ವಿಷಯ ಕೇಳಬೇಡ, ಚೆನ್ನಾಗಿದ್ದೇನೆ.

ಮೆಟ್ಟಿಲ ಮೇಲೆ ಸದ್ದು. ಅವಳೇ. ಹೋಗುತ್ತೇನೆ, ಕೂತರೆ ಧೈರ್ಯ ಸೋರಿಹೋಗುತ್ತದೆ.

ನಿನ್ನ,
ಸ್ವೆಟರಿಲ್ಲದ ಅಮ್ಮ

ತಾ.ಕ.: ತಟ್ಟಲು ಕೈ ಎತ್ತುವಷ್ಟರಲ್ಲಿ ಅವಳೇ ಬಾಗಿಲು ತೆಗೆದಳು. ಸಾಲಿನಲ್ಲಿ ಕೆಮ್ಮಿದವರ ಸಮೇತ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, ಮುಖದ ಮೇಲೇ ಬಾಗಿಲು ಹಾಕಿಕೊಂಡಳು. ಮುಗಿಯಿತು ಅಂತ ಕಾಲು ಕಿತ್ತಿದ್ದೆ. ಮತ್ತೆ ಬಾಗಿಲು ತೆರೆಯಿತು. ಕೈಯಲ್ಲಿ ಬಿಲ್ಲು, ಕಿವಿಯ ಸಂದಿಯಲ್ಲಿ ಪೆನ್ನು. ಗೋಡೆಗೆ ಒತ್ತಿ ಹಿಡಿದು ಬರೆದು, ಸಹಿ ಹಾಕಿ ಕೊಟ್ಟಳು. ಆಮೇಲೆ ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳಿದಳು: ನಾಳೆ ನಾನೂ ಬರ್ತೀನಿ, ಅದ್ಯಾರು ಕೆಮ್ತಾರೋ ನೋಡೇಬಿಡೋಣ. ಮತ್ತೆ ಆ ಪದ್ಯ ಬೆಳಿಗ್ಗೆಯಿಂದ ಶುರು ಮಾಡ್ರೀ, ನೀವು ಒಳಗೆ ಇದ್ದೀರೋ ಸತ್ತಿದ್ದೀರೋ ಅಂತ ದಿನಾ ಗೋಡೆಗೆ ಕಿವಿ ಇಟ್ಟೂ ಇಟ್ಟೂ ನನ್ನ ಕಿವೀನೇ ಚಪ್ಪಟೆ ಆಗಿದೆ.