ಅತ್ತೆಯ ಮಂಡಿನೋವು

ಜುಲೈ 7, ಮಂಗಳವಾರ
ಇವತ್ತೂ ದೇವರ ದೀಪ ನನ್ನ ತಲೆಗೆ. ಅತ್ತೆಗೆ ಮಂಡಿನೋವಂತೆ. ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸಲು ಮಾತ್ರ ಮಂಡಿ ಸರಿಯಾಗಿದೆ! ಮಗಳಿಗೆ ಡಬ್ಬಿ, ಇವರಿಗೆ ತಿಂಡಿ, ಅದರ ಮೇಲೆ ಪೂಜೆ... ಸಿಟ್ಟು ನೆತ್ತಿಗೇರಿತು. ಬತ್ತಿ ಹೊಸೆದು ದೀಪ ಹಚ್ಚಿದೆ.

ಜುಲೈ 9, ಮಧ್ಯಾಹ್ನ
ಆಶಾ ಕಾರ್ಯಕರ್ತೆ ದುರ್ಗಾಂಬಿಕಾ ಬಂದಿದ್ದಳು. ಶನಿವಾರ ಸಾಸ್ವೆಹಳ್ಳಿ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ, ಮೂವತ್ತು ದಾಟಿದ ಹೆಂಗಸರಿಗೆ. ಮಗಳಿಗೆ ಹದಿನಾಲ್ಕು — ಅವಳಿಗೆ ಅದೇ ಕ್ಯಾನ್ಸರ್ ತಡೆಯುವ ಲಸಿಕೆ. ಅತ್ತೆ ನನ್ನನ್ನು ಮುಂದೆ ತಳ್ಳಿದರು.
"ಇವಳು ಬರ್ತಾಳೆ. ನಂಗ್ಯಾಕೆ? ಮುಟ್ಟು ನಿಂತು ಎಷ್ಟೋ ವರ್ಷ ಆತು. ಸೊಪ್ಪು ಕಾಳು ತಿಂದ ಮೈ ಇದು."
"ಸೊಪ್ಪು ಕಾಳು ಒಳ್ಳೇದೇ. ಪರೀಕ್ಷೆನೂ ಬೇಕಲ್ರೀ ಅಮ್ಮ" ಎಂದಳು ದುರ್ಗಾಂಬಿಕಾ. ಅತ್ತೆ ಎದ್ದು ಒಳಗೆ ಹೋದರು.

ಜುಲೈ 11
ಪರೀಕ್ಷೆ ಆಯಿತು. ಐದು ನಿಮಿಷ, ಅಷ್ಟೇ. ತೊಂದರೆ ಏನೂ ಕಾಣಲಿಲ್ಲವಂತೆ. ಇಷ್ಟಕ್ಕೆ ಹೆದರಿ ತಿಂಡಿ ಬಿಟ್ಟಿದ್ದೆ, ಹುಚ್ಚಿ. ಮಗಳು ಲಸಿಕೆ ಹಾಕಿಸಿಕೊಂಡು ತೋಳುನೋವು ಎಂದು ಮನೆಯೆಲ್ಲ ಗೋಳು.

ಜುಲೈ 30, ಬೆಳಿಗ್ಗೆ
ಮತ್ತೆ ಮೂರು ದಿನ ಮಂಡಿನೋವು. ಈ ಸಲ ಗಮನಿಸಿದೆ. ದೇವರ ಮನೆ ಹೊಸ್ತಿಲು ತುಳಿಯಲಿಲ್ಲ. ಉಪ್ಪಿನಕಾಯಿ ಜಾಡಿ ಮುಟ್ಟಲಿಲ್ಲ, ನನ್ನಿಂದಲೇ ತೆಗೆಸಿದರು. ಇವತ್ತು ತಲೆಗೆ ನೀರು ಹಾಕಿಕೊಂಡು ತಾವೇ ದೀಪ ಹಚ್ಚಿದರು. ಮಂಡಿನೋವಿಗೆ ಯಾರಾದರೂ ಹೊರಗಾಗುತ್ತಾರೆಯೇ?

ಸಂಜೆ
ಕೇಳಿಯೇಬಿಟ್ಟೆ. ಸೆರಗು ಬಾಯಿಗೆ ಅಡ್ಡ ಹಿಡಿದರು.
"ನಿಂತಿದ್ದು ತಿರುಗಿ ಬಂದೈತೆ ಕಣೇ ನೇತ್ರಾ. ಉಷ್ಣ ಇರ್ಬೇಕು, ಮೆಂತ್ಯ ನೆನೆಸಿ ಕುಡೀತಿದೀನಿ. ಈ ವಯಸ್ನಾಗೆ ಹೆಂಗೆ ಹೇಳ್ಲಿ? ನಿನ್ ಗಂಡಂಗೆ ಹೇಳಿದ್ರೆ ನನ್ನಾಣೆ."
"ಯಾವಾಗಿಂದ ಅತ್ತೆ?"
"ಯುಗಾದಿಯಿಂದ."
ಯುಗಾದಿಯಿಂದ! ಒಂದೇ ಮನೆ, ಒಂದೇ ಬಚ್ಚಲು. ದುರ್ಗಾಂಬಿಕಾಗೆ ಫೋನ್ ಮಾಡಿದೆ. "ನಿಂತ ಮೇಲೆ ರಕ್ತ ಕಂಡ್ರೆ ಅದು ಮುಟ್ಟಲ್ಲ ಅಕ್ಕಾ. ತಡ ಮಾಡಬ್ಯಾಡ್ರಿ, ಕರ್ಕಂಡ್ ಹೋಗ್ರಿ."

ಆಗಸ್ಟ್ 1
ಆಣೆ ಮುರಿದೆ. ಗಂಡನಿಗೆ ಹೇಳಿದೆ. ಕಲ್ಲೇಶ್ ಚಪ್ಪಲಿ ಮೆಟ್ಟಿ ಕಾರು ಗೊತ್ತು ಮಾಡಲು ಹೋದರು. ದಾವಣಗೆರೆ ಬರುವವರೆಗೂ ಅತ್ತೆಯ ಮುಖ ಕಿಟಕಿಯ ಕಡೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಆಸ್ಪತ್ರೆಯಲ್ಲಿ ಡಾಕ್ಟರ್ ಗರ್ಭಕೋಶದ ಬಾಯಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಆಗಸ್ಟ್ 14
ಕ್ಯಾನ್ಸರ್. ಸ್ಕ್ಯಾನ್ ಆಗಿದೆ, ಬೇರೆ ಕಡೆ ಹರಡಿಲ್ಲ, ಗುಣ ಮಾಡಬಹುದು — ಡಾಕ್ಟರ್ ಎರಡೆರಡು ಸಲ ಹೇಳಿದರು. ಕರೆಂಟ್, ಅಂದರೆ ರೇಡಿಯೇಶನ್ ಕೊಡಬೇಕಂತೆ. ದೀಪಾವಳಿವರೆಗೂ ಬಿಟ್ಟಿದ್ದರೆ?... ಕೂತಲ್ಲಿ ಕೂರಲಾಗುತ್ತಿಲ್ಲ. ವಾಪಸು ಬರುವಾಗ ಅತ್ತೆ ಬಸ್ಸಿನಲ್ಲಿ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕಿದರು. "ನೀನು ಬಾಯಿಬಡುಕಿ. ಒಳ್ಳೇದೇ ಆತು." ಇಷ್ಟು ದಿನದ ಮೇಲೆ ಮೊದಲ ಮಾತು. ಅಳು ತಡೆಯಲಾಗಲಿಲ್ಲ.

ಆಗಸ್ಟ್ 23, ಬೆಳಿಗ್ಗೆ
ನಾಳೆ ಅಡ್ಮಿಟ್. ಬ್ಯಾಗಿಗೆ ಬಟ್ಟೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಹೊರಗೆ ಬೀದಿ ನಲ್ಲಿಯ ಹತ್ತಿರ ಅತ್ತೆಯ ದನಿ. ಗಂಡಸರೂ ಓಡಾಡುವ ಜಾಗ!
"ಮುಟ್ಟು ಅಂತ ತಿಳ್ಕಂಡು ಮುಚ್ಚಿಟ್ಟೆ ಕಣ್ರೇ. ನೀವ್ಯಾರೂ ಹಂಗೆ ಮಾಡಾಕೆ ಹೋಗಬ್ಯಾಡ್ರಿ."
ಯಾರೋ ಕಿಸಕ್ಕೆಂದರು. ಇನ್ಯಾರೋ ಗದರಿದರು. ಕಿಟಕಿಯಿಂದ ನೋಡಿದೆ. ಪಕ್ಕದ ಮನೆ ಪುಷ್ಪಾವತಿ ಅಕ್ಕ ನಗುತ್ತಿಲ್ಲ. ಅತ್ತೆಯ ಓರಗೆಯವರು. ಕೊಡ ತುಂಬಿ ಚೆಲ್ಲುತ್ತಿದೆ, ಎತ್ತುತ್ತಿಲ್ಲ... ಕೊಡ ಅಲ್ಲೇ ಬಿಟ್ಟು ಈ ಕಡೆಯೇ ಬಂದರು. ಬಾಗಿಲಲ್ಲಿ ನಿಂತಿದ್ದಾರೆ.
"ನೇತ್ರಾ, ನಂದೂ ಒಂದ್ ಮಾತೈತೆ... ಮನ್ಯಾಗೆ ಗಂಡಸ್ರು ಯಾರಾರ ಅದಾರಾ?"
ಇರಲಿ, ಆಮೇಲೆ ಬರೆ —