ಒಬ್ಬರಿಗೆ ಏಳೇ ಕಿಲೋ

ಕುಂಭಾರಿ,
ಗುರುವಾರ, ೨೭ ನವೆಂಬರ್ ೨೦೨೫

ಪ್ರಾಜುವಿನ ಅಪ್ಪಾಜಿಯವರಿಗೆ ರೂಪಾಲಿ ಮಾಡುವ ನಮಸ್ಕಾರಗಳು.

ಬೆನ್ನು ಹೇಗಿದೆ? ಎಡಗಾಲಿನ ಜುಮ್ಮು ಇಳಿಯಿತೇ? ಸೊಂಟದ ಪಟ್ಟಿಯನ್ನು ದಿನವೂ ಕಟ್ಟಿಕೊಳ್ಳುತ್ತೀರೋ ಅಥವಾ ಗೂಟಕ್ಕೆ ನೇತುಹಾಕಿದ್ದೀರೋ? ರತ್ನಕ್ಕನವರಿಗೆ ಫೋನ್ ಮಾಡಿದಾಗಲೆಲ್ಲ ‘ಅರಾಮ ಅದಾನ ನೋಡವಾ, ಈಗಷ್ಟ ಹೊರಗ ಹೋಗ್ಯಾನ’ ಎನ್ನುತ್ತಾರೆ. ನಾಗಪಂಚಮಿಯಿಂದ ಇಲ್ಲಿಯವರೆಗೆ ನೀವು ಈಗಷ್ಟೇ ಹೊರಗೆ ಹೋಗಿದ್ದೀರಿ. ನಿಮ್ಮ ಫೋನಂತೂ ಬಂದ್ ಆಗಿದೆ. ಕುಂಭಾರಿಯಿಂದ ಚಪಳಗಾಂವಕ್ಕೆ ಬಸ್ಸಿನಲ್ಲಿ ಒಂದು ತಾಸೂ ಬೇಕಾಗಿಲ್ಲ, ಆದರೆ ‘ನಾ ಕರೆಯೋತನಕ ಬರಬ್ಯಾಡ’ ಎಂದಿದ್ದೀರಿ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಕ್ಕನವರು ತಮ್ಮನ ಮೇಲಿನ ಪ್ರೀತಿಗೆ ದಪ್ಪ ಗಾದಿ ಹಾಸಿಕೊಟ್ಟಾರು, ಅದರ ಮೇಲೆ ಮಲಗಬೇಡಿ. ಹಲಗೆಯ ಮೇಲೆ ಒಂದೇ ಚಾದರ ಸಾಕು ಎಂದು ಡಾಕ್ಟರರು ಹೇಳಿದ್ದು ನೆನಪಿರಲಿ.

ಇಲ್ಲಿ ಎಲ್ಲರೂ ಕ್ಷೇಮ. ಹೊಲದಲ್ಲಿ ತೊಗರಿ ಚೆನ್ನಾಗಿ ಕಾಯಿ ಕಟ್ಟಿದೆ. ಅತ್ತೆಯವರ ಮೊಣಕಾಲು ನೋವು ಚಳಿಗೆ ಸ್ವಲ್ಪ ಹೆಚ್ಚಾಗಿದೆ, ಬಾಯಿ ಮಾತ್ರ ಹಿಂದಿನಂತೆಯೇ ಇದೆ. ‘ಭೀಮ್ಯಾಗ ಬರೀ, ಅವ್ವ ಇನ್ನೂ ಜೀವಂತ ಅದಾಳಂತ’ ಎಂದು ಹೇಳಿದ್ದಾರೆ, ಬರೆದಿದ್ದೇನೆ. ಪ್ರಾಜು ಶಾಲೆಗೆ ಹೋಗುವ ಮುಂಚೆ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, ಕನ್ನಡ ಓದಲು ಬಾರದೆ, ‘ಪಪ್ಪಾಂಚ್ಯಾ ನಾವಾನೇ ಕಾಯ ಲಿಹಿಲಂಸ?’ ಎಂದು ಮರಾಠಿಯಲ್ಲಿ ಕೇಳಿದಳು. ಅಪ್ಪಾಜಿಯ ಹೆಸರಿಗೆ ಏನು ಬರೆದೆ ಎಂದರೆ ಏನು ಹೇಳಲಿ? ಊರ ಸುದ್ದಿ ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಇಂದು ಮೊದಲ ಸಲ ಸಮಾಧಾನವಾಯಿತು.

ಗೋವಾದ ಮದುವೆ ಮುಗಿಸಿ ಮಂಗಳವಾರ ಬಂದೆ. ಅದೇ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರಖಾನೆ ಇರುವ ಸಿದ್ದೇಶ್ವರ ಶೇಠರ ಮಗಳು ಶ್ರದ್ಧಾಳ ಮದುವೆ. ಮಾರ್ಚಿನಲ್ಲಿ ನಾವಿಬ್ಬರೂ ಕುಳಿತು ಫೋಟೋದ ಕೆಲಸ ಒಪ್ಪಿಕೊಂಡದ್ದು. ಮೇ ತಿಂಗಳಲ್ಲಿ ಲಾತೂರಿನ ಆ ಮದುವೆಯಲ್ಲಿ ಜೀಪಿನ ಮೇಲಿಂದ ಸಾಮಾನಿಳಿಸುವಾಗ ನಿಮ್ಮ ಬೆನ್ನು ಹಿಡಿಯಿತು, ಜೂನಿನಲ್ಲಿ ಆಪರೇಶನ್ನು. ಆಮೇಲೆ ನೀವು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ, ‘ಭಾರ ಎತ್ತಲಾರದ ಗಂಡಸು ನಿನ್ನ ಹಿಂದ ಬಂದು ಏನ್ ಮಾಡ್ಲಿ? ಹೊರಾಕ ನಿನಗ ಇನ್ನೊಂದು ಸಾಮಾನು ಹೆಚ್ಚಾಗ್ತದ’ ಎಂದಿರಿ. ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹಾಲಿತ್ತು.

ಹೊರಡುವ ಹಿಂದಿನ ದಿನ ಸಾಮಾನನ್ನೆಲ್ಲ ಹಿಟ್ಟಿನ ಗಿರಣಿಗೆ ಒಯ್ದು ತೂಗಿಸಿದೆ. ನಾವಿಬ್ಬರೂ ವಿಮಾನದಲ್ಲಿ ಹೋಗುವಾಗ ತೂಕದ ಯೋಚನೆಯನ್ನು ನಾನೆಂದೂ ಮಾಡಿದವಳಲ್ಲ. ನಿಮ್ಮ ಕೈಚೀಲ ಏಳು ಕಿಲೋ, ನನ್ನದು ಏಳು ಕಿಲೋ, ಮಿಕ್ಕಿದ್ದು ನಿಮ್ಮ ಆ ಹತ್ತು ಜೇಬಿನ ಕೋಟಿನಲ್ಲಿ. ಅದನ್ನು ತೊಟ್ಟು ಬಸುರಿಯಂತೆ ಹಿಂದಕ್ಕೆ ವಾಲಿ ನಡೆಯುತ್ತಿದ್ದಿರಿ, ನಾನು ನಗುತ್ತಿದ್ದೆ. ಬೆನ್ನು ಅಂದಿನಿಂದಲೇ ಅಳುತ್ತಿತ್ತೋ ಏನೋ, ನನಗೆ ತಿಳಿಯಲಿಲ್ಲ. ಸ್ಟ್ಯಾಂಡು, ದೀಪ, ಬಟ್ಟೆ ಎಲ್ಲ ದೊಡ್ಡ ಪೆಟ್ಟಿಗೆಗೆ ಹೋದ ಮೇಲೂ ಕೈಯಲ್ಲಿ ಒಯ್ಯಬೇಕಾದ್ದು ಹನ್ನೊಂದು ಕಿಲೋ ಮೂರುನೂರು ಗ್ರಾಮಾಯಿತು. ಎರಡು ಕ್ಯಾಮೆರಾ, ಮೂರು ಲೆನ್ಸು, ಲ್ಯಾಪ್‌ಟಾಪು, ಫ್ಲ್ಯಾಶು, ಬ್ಯಾಟರಿಗಳು. ಚೀಲಕ್ಕೆಲ್ಲ ಜೋಳದ ಹಿಟ್ಟು ಮೆತ್ತಿತು. ಕಡೆಗೆ ನಿಮ್ಮ ಕೋಟನ್ನೇ ತೊಟ್ಟೆ. ನನಗದು ಮೊಣಕಾಲಿಗೆ ಬರುತ್ತದೆ. ತಮ್ಮ ನಿತಿನ ವಿಮಾನ ನಿಲ್ದಾಣಕ್ಕೆ ಬಿಡಲು ಬಂದಿದ್ದ. ನನ್ನನ್ನು ನೋಡಿ ನಗಲೂ ಇಲ್ಲ ಪಾಪ, ‘ಹಿಡಕೋಲೇನಕ್ಕಾ’ ಎಂದ.

ಕೌಂಟರಿನಲ್ಲಿ ಶುಭಂ ಎಂದು ಎದೆಯ ಮೇಲೆ ಹೆಸರು ಬರೆದುಕೊಂಡ ಮನುಷ್ಯನಿದ್ದ. ಚೀಲವನ್ನು ತೂಗಿದ, ಏಳು ಬಂತು. ನನ್ನ ಜೀವ ತಣ್ಣಗಾಯಿತು. ಆಮೇಲೆ ಆತ ಕೋಟನ್ನು ನೋಡಿದ. ಅದನ್ನೂ ತಕ್ಕಡಿಯ ಮೇಲೆ ಇಡಿ ಎಂದು ಮರಾಠಿಯಲ್ಲಿ ಹೇಳಿದ. ನಾನು ಬಿಚ್ಚುತ್ತ ಬಿಚ್ಚುತ್ತ ‘ಯವ್ವಾ, ಮಾನ ಹೋತಲ್ಲ’ ಎಂದು ನನ್ನಷ್ಟಕ್ಕೆ ಗೊಣಗಿದೆ. ಆತನಿಗೆ ಕೇಳಿಸಿತು. ‘ಅಕ್ಕಾರ, ನಾನೂ ಅಕ್ಕಲಕೋಟದಾಂವನ ಅದೀನ್ರಿ. ಆದ್ರ ಈ ತಕ್ಕಡಿಗಿ ಕನ್ನಡ ತಿಳಿಯಂಗಿಲ್ಲ. ಸಣ್ಣ ಇಮಾನ, ಒಬ್ಬರಿಗೆ ಏಳ ಕಿಲೋ’ ಎಂದ. ಸಿಟ್ಟು ಮಾಡಲೂ ಆಗದಂತೆ ಹೇಳಿದ. ನನ್ನ ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ನೆಲದ ಮೇಲೆ ಕುಳಿತು, ನಿಮ್ಮ ಕೋಟಿನ ಒಂದೊಂದೇ ಜೇಬಿನಿಂದ ಒಂದೊಂದೇ ಸಾಮಾನು ತೆಗೆದು ಸಾಲಾಗಿ ಇಟ್ಟೆ, ಸಂತೆಯಲ್ಲಿ ಬದನೆಕಾಯಿ ಇಟ್ಟಂತೆ.

ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಬಿಡಿ ಎಂದು ಆತನೇ ಸೂಚಿಸಿದ. ಬ್ಯಾಟರಿಗಳನ್ನು ಅದರಲ್ಲಿ ಹಾಕಬಾರದೆಂಬ ನಿಯಮವಿದೆ. ಲೆನ್ಸು, ಕ್ಯಾಮೆರಾ, ಲ್ಯಾಪ್‌ಟಾಪು ಹಾಕಲು ನನಗೇ ಧೈರ್ಯವಿರಲಿಲ್ಲ. ಜೈಪುರಕ್ಕೆ ಹೋದಾಗ ಹಾಗೆ ಹಾಕಿ, ಇಳಿದ ಮೇಲೆ ಲೆನ್ಸನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಿಗಿಲಿ ಎಂದಿತ್ತು. ‘ಇಮಾನದ ಹೊಟ್ಯಾಗ ಗಾಜು ಎಂದೂ ಹಾಕಬ್ಯಾಡ’ ಎಂದು ಅಂದು ನೀವು ಹೇಳಿದ್ದಿರಿ. ಹಾಗಾದರೆ ನಾಲ್ಕು ಕಿಲೋ ಮೂರುನೂರು ಗ್ರಾಮು ಸೋಲಾಪುರದಲ್ಲೇ ಉಳಿಯಬೇಕು. ಏನನ್ನು ಬಿಡಲಿ? ನೀವಿದ್ದರೆ ಒಂದು ನಿಮಿಷ ಜಗಳವಾಡಿ ನೀವೇ ಗೆಲ್ಲುತ್ತಿದ್ದಿರಿ. ನಾನೊಬ್ಬಳೇ ಇದ್ದೆ, ಜಗಳಕ್ಕೂ ಯಾರಿಲ್ಲ. ಲ್ಯಾಪ್‌ಟಾಪು ಬಿಟ್ಟೆ. ಎರಡನೆಯ ಕ್ಯಾಮೆರಾ ಬಿಟ್ಟೆ. ಕಡೆಗೆ ನಿಮ್ಮ ಉದ್ದ ಲೆನ್ಸನ್ನೂ ಬಿಟ್ಟೆ. ಹೊರಗೆ ಹೋಗಿ ನಿತಿನನ ಕೈಗೆ ಕೊಟ್ಟಾಗ ಅವನು ಚಹಾದ ಕಪ್ಪು ಕೆಳಗಿಟ್ಟು ಎರಡೂ ಕೈಯಿಂದ ತೆಗೆದುಕೊಂಡ. ‘ದಾಜಿಯವರ ಲೆನ್ಸ್ ಬಿಟ್ಟು ಹೊಂಟಿ ಏನಕ್ಕಾ?’ ಎಂದ. ಕೋಟನ್ನೂ ಅವನ ಹೆಗಲಿಗೆ ಹಾಕಿ ಒಳಗೆ ಬಂದೆ.

ಒಂದು ಕ್ಯಾಮೆರಾ, ಎರಡು ಸಣ್ಣ ಲೆನ್ಸು, ಎರಡು ದಿನದ ಮದುವೆ. ವೀಡಿಯೋಕ್ಕೆ ಹೋಟೆಲಿನವರೇ ಒಬ್ಬರನ್ನು ಗೊತ್ತುಮಾಡಿದ್ದರು, ಫೋಟೋ ಪೂರ್ತಿ ನನ್ನ ಮೇಲೆ. ಶೇಠರು ನನ್ನ ಚೀಲ ನೋಡಿದವರೇ, ‘ಭೀಮಶಾ ಬರಂಗಿಲ್ಲಂತ ಗೊತ್ತಿತ್ತು. ಅವರ ದೊಡ್ಡ ದುರ್ಬೀನೂ ಬಂದಿಲ್ಲೇನು?’ ಎಂದರು. ತೂಕದ ಕಥೆ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಮುಖ ಸಣ್ಣದಾಯಿತು. ಹಳದಿಯ ದಿನ ಮುಂಜಾನೆ ಆರರಿಂದ ನಿಂತೇ ಇದ್ದೆ. ಮರಳಿನಲ್ಲಿ ಕಾಲು ಹೂಳುತ್ತದೆ, ಒಂದು ಹೆಜ್ಜೆಗೆ ಎರಡು ಹೆಜ್ಜೆಯ ದಣಿವು. ದೂರದಿಂದ ತೆಗೆಯುವಂತಿಲ್ಲ, ಎಲ್ಲಕ್ಕೂ ಹತ್ತಿರ ಓಡಬೇಕು, ಮದುಮಗಳ ಅತ್ತೆ ಅರಿಶಿನ ಹಚ್ಚುವಲ್ಲಿಗೆ, ಮಾವ ಕುಣಿಯುವಲ್ಲಿಗೆ, ಮತ್ತೆ ಹಿಂದಕ್ಕೆ. ಇಷ್ಟು ವರ್ಷ ಅರ್ಧ ಮದುವೆಯನ್ನು ಮಾತ್ರ ನಾನು ನೋಡುತ್ತಿದ್ದೆ ಎಂಬುದು ಅಂದು ಗೊತ್ತಾಯಿತು. ಉಳಿದರ್ಧ ನೀವು ಯಾವುದೋ ಮೂಲೆಯಲ್ಲಿ ನಿಂತು ನೋಡುತ್ತಿದ್ದಿರಿ.

ಮರುದಿನ ಅಕ್ಷತೆಯ ಹೊತ್ತಿಗೆ ನಡೆದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಕಾಳು ಬೀಳುತ್ತಿದ್ದವು. ನಾನು ಗಂಡು ಹೆಣ್ಣಿನ ಮುಖಕ್ಕೆ ಮೂರು ಅಡಿಯಲ್ಲಿದ್ದೆ. ತಲೆಯೆತ್ತಿದರೆ ದೂರದಲ್ಲಿ, ಮಂಟಪದ ಆಚೆಯ ಕಂಬದ ಹಿಂದೆ, ಸಿದ್ದೇಶ್ವರ ಶೇಠರು ಒಬ್ಬರೇ ನಿಂತು ರುಮಾಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಅಷ್ಟು ದೊಡ್ಡ ಕಾರಖಾನೆ ನಡೆಸುವ ಮನುಷ್ಯ, ಹೆಗಲು ಕುಲುಕುತ್ತಿತ್ತು. ನನ್ನ ಲೆನ್ಸಿನಲ್ಲಿ ಅವರು ಒಂದು ಅಕ್ಕಿಕಾಳಿನಷ್ಟಿದ್ದರು. ಗಂಡು ಹೆಣ್ಣನ್ನು ಬಿಟ್ಟು ಓಡುವಂತಿಲ್ಲ. ಕಾಳು ನಿಂತ ಕೂಡಲೇ ಓಡಿದೆ. ಅಷ್ಟರಲ್ಲಿ ಅವರು ಕಣ್ಣೊರೆಸಿ, ನನ್ನನ್ನು ನೋಡಿ, ಕ್ಯಾಮೆರಾಕ್ಕೆ ನಗು ತಂದುಕೊಂಡು ನಿಂತರು. ನಾನು ಆ ನಗುವನ್ನು ತೆಗೆದೆ. ಅದು ಯಾವ ಮದುವೆಯಲ್ಲೂ ಸಿಗುವ ನಗು. ನೀವು ತೆಗೆಯಬೇಕಿದ್ದ ಚಿತ್ರವೊಂದು ನನ್ನ ಕಣ್ಣ ಮುಂದೆಯೇ ಹೋಯಿತು.

ಊಟದ ಹೊತ್ತಿಗೆ ಅಂಗಾಲು ಉರಿಯುತ್ತಿತ್ತು. ಅಡುಗೆಯವರ ಚಪ್ಪರದ ಪಕ್ಕದಲ್ಲಿ ಶೇಠರ ತಾಯಿ ಗುರಮ್ಮನವರು ಸಮುದ್ರಕ್ಕೆ ಬೆನ್ನು ಹಾಕಿ ಕುರ್ಚಿಯಲ್ಲಿ ಕುಳಿತಿದ್ದರು. ಅಕ್ಕಲಕೋಟದ ಮುದುಕಿ, ಎಂಬತ್ತರ ಮೇಲಿನ ವಯಸ್ಸು. ಎರಡು ದಿನದಿಂದ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದರು. ನಾನು ಫೋಟೋಕ್ಕೆ ಹೋಗಲಿಲ್ಲ, ಕಾಲು ಸೋತು ಅವರ ಪಕ್ಕ ನೆಲಕ್ಕೆ ಕುಳಿತೆ. ‘ಯಾರ ಪೈಕಿ ಅದೀ ಮಗಳ?’ ಎಂದರು. ಕುಂಭಾರಿ ಎಂದೆ. ಅವರ ಕಣ್ಣು ಅರಳಿತು. ಮೊಮ್ಮಕ್ಕಳೆಲ್ಲ ಮರಾಠಿ, ಅಳಿಯನ ಕಡೆಯವರು ಇಂಗ್ಲಿಷು, ಎರಡು ದಿನದಿಂದ ಅವರ ಜೊತೆ ಬಾಯ್ತುಂಬ ಮಾತಾಡಿದವರಿರಲಿಲ್ಲ. ‘ಈ ಸಮುದ್ರಕ್ಕ ಬಾಯಿ ಮುಚ್ಚಂತ ಹೇಳವರು ಯಾರೂ ಇಲ್ಲೇನ? ರಾತ್ರಿಯೆಲ್ಲಾ ಒದರ್ತದ’ ಎಂದರು. ನಾನು ನಕ್ಕೆ. ಆಮೇಲೆ ಗಂಡ ಎಲ್ಲಿ ಎಂದು ಕೇಳಿದರು. ಅದೇಕೋ ಅಪರಿಚಿತರ ಮುಂದೆ ಎಲ್ಲ ಹೇಳಿಬಿಟ್ಟೆ, ಬೆನ್ನು, ಚಪಳಗಾಂವ, ಬಂದ್ ಆದ ಫೋನು. ಕಣ್ಣಲ್ಲಿ ನೀರೂ ಬಂತು, ಬೇಸರ ಮಾಡಿಕೊಳ್ಳಬೇಡಿ.

ಆಗ ಮುದುಕಿ ಹೇಳಿದರು, ‘ಈ ಕಾರಖಾನಿ ಆಗೂಕಿಂತ ಮೊದಲು ನಮ್ಮ ಮನ್ಯಾಗ ಎರಡು ಕೈಮಗ್ಗ ಇದ್ವು. ನಮ್ಮ ಯಜಮಾನರಿಗೆ ಕಾಲು ಬಿತ್ತು, ಮಗ್ಗ ತುಳಿಯಾಕ ಬರದಂಗಾತು. ಆರು ತಿಂಗಳ ಗ್ವಾಡಿಗಿ ಮಾರಿ ಮಾಡಿ ಮಲಗಿದ್ರು. ನಾ ನೇದೆ. ನೇದದ್ದೆಲ್ಲಾ ಎಳಿ ತಪ್ಪಿ ವಾಪಸ್ ಬರ್ತಿತ್ತು. ಒಂದಿನ ಸಿಟ್ಟಿಗೆದ್ದು ಅವರ ಹಾಸಿಗಿ ಎಳಕೊಂಡು ಬಂದು ಮಗ್ಗದ ಬಾಜೂಕ ಹಾಕಿದೆ. ಮಲಗೂದಿದ್ರ ಇಲ್ಲೇ ಮಲಗ್ರಿ ಅಂದೆ. ಮಲಕೊಂಡಲ್ಲಿಂದನ, ಏ, ಎಳಿ ಹರೀತು ನೋಡು, ಅನ್ನಾಕ ಹತ್ತಿದ್ರು. ನನಗೆಲ್ಲಿ ಕಾಣಬೇಕವಾ? ನನ್ನ ಕೈಕಾಲು ಮಗ್ಗದಾಗಿದ್ವು.’ ಹೇಳುತ್ತ ಹೇಳುತ್ತ ಅವರು ಸೆರಗನ್ನು ಮರೆತರು. ನಾನು ಕ್ಯಾಮೆರಾ ಎತ್ತಿದೆ. ಒಂದು ಮೊಳದ ದೂರವೂ ಇರಲಿಲ್ಲ. ಅವರು ನೋಡಿದರು, ಮುಖ ತಿರುಗಿಸಲಿಲ್ಲ. ಮೂರೇ ಚಿತ್ರ.

ಸಂಜೆ ಅದನ್ನು ಶೇಠರಿಗೆ ತೋರಿಸಿದೆ. ಕ್ಯಾಮೆರಾದ ಹಿಂದಿನ ಆ ಸಣ್ಣ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ‘ನಮ್ಮವ್ವನ ಮಾರಿ ಹಿಂಗ ನೋಡಿ ಎಷ್ಟ ವರ್ಷ ಆತೋ’ ಎಂದರು. ಆಗಲೇ ನಾನು ಕಂಬದ ಹಿಂದಿನ ಚಿತ್ರ ತಪ್ಪಿದ್ದನ್ನೂ ಹೇಳಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೂ ಹೇಳಿದೆ. ಅವರು ಸ್ವಲ್ಪ ನಾಚಿದರು. ‘ನಾ ಅತ್ತದ್ದು ಯಾರೂ ನೋಡಿಲ್ಲಂತ ತಿಳಿದಿದ್ದೆ. ಭೀಮಶಾ ಇದ್ದಿದ್ರ ಬಿಡ್ತಿದ್ದಿಲ್ಲ’ ಎಂದು, ಕ್ಯಾಮೆರಾ ನನ್ನ ಕೈಗಿಟ್ಟು ಹೋದರು.

ಬಂದ ಮೇಲೆ ಎರಡು ದಿನ ಕೈ ಮೇಲೆತ್ತಲು ಆಗಿಲ್ಲ, ಅತ್ತೆಯವರು ಎಣ್ಣೆ ತಿಕ್ಕಿದರು. ನಾಲ್ಕು ಸಾವಿರ ಚಿತ್ರಗಳಿವೆ. ಯಾವುದನ್ನು ಇಡಲಿ, ಯಾವುದನ್ನು ಬಿಡಲಿ ಎಂದು ನೋಡುತ್ತ ಕುಳಿತರೆ ಹತ್ತನೆಯದಕ್ಕೇ ಕಣ್ಣು ಮುಚ್ಚುತ್ತದೆ. ಇರಲಿ, ಆಗುತ್ತದೆ. ನೀವು ಇದನ್ನೆಲ್ಲ ಓದಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವಸರವೇನೂ ಇಲ್ಲ, ಪೂರ್ತಿ ಗುಣವಾಗಲಿ. ಇಲ್ಲಿ ಹೇಗೋ ನಡೆಯುತ್ತದೆ.

ರತ್ನಕ್ಕನವರಿಗೆ ನನ್ನ ಶರಣು ತಿಳಿಸಿ. ಅತ್ತೆಯವರ ಆಶೀರ್ವಾದ ನಿಮಗೆ, ಪ್ರಾಜುವಿನ ಒಂದು ಮುತ್ತೂ ಇದರಲ್ಲಿದೆ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿಮ್ಮವಳು,
ರೂಪಾಲಿ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಶೇಠರ ಕಚೇರಿಯಿಂದ ಈಗ ಫೋನ್ ಬಂದಿತ್ತು. ಫೆಬ್ರವರಿಯಲ್ಲಿ ಅವರ ತಮ್ಮನ ಮಗಳ ಮದುವೆ, ಅದೂ ಗೋವಾದಲ್ಲೇ. ಟಿಕೆಟು ಇವತ್ತೇ ತೆಗೆಯುತ್ತಾರಂತೆ, ಎರಡನೆಯವರ ಹೆಸರು, ವಯಸ್ಸು ಹೇಳಿ ಎಂದರು. ನಿತಿನನ ಹೆಸರು ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ನಿಮ್ಮದು. ಆಸ್ಪತ್ರೆಯ ಕಾಗದ ಬಿಟ್ಟರೆ, ಒಡಪಿನ ಪ್ರಾಸದಲ್ಲಿ ಸುತ್ತಿಡದೆ ಇಷ್ಟು ಗಟ್ಟಿಯಾಗಿ ನಿಮ್ಮ ಹೆಸರು ಹೇಳಿದ್ದು ಇದೇ ಮೊದಲು. ಅತ್ತೆಯವರು ಒಳಗಿನಿಂದ ಎದ್ದು ಬಂದು ನೋಡಿದರು. ಉದ್ದ ಲೆನ್ಸು ಹಿಡಿದು ಕೂರಲು ಮಂಟಪದಲ್ಲಿ ನಿಮಗೊಂದು ಕುರ್ಚಿ ಬೇಕೆಂದೂ ಹೇಳಿದ್ದೇನೆ. ಟಿಕೆಟಿನ ಮೇಲಿನ ಹೆಸರನ್ನು ಆಮೇಲೆ ಬದಲಿಸಲು ಬರುವುದಿಲ್ಲವಂತೆ. ಮೇಲೆ ‘ಹೇಗೋ ನಡೆಯುತ್ತದೆ’ ಎಂದು ಬರೆದದ್ದು ಸುಳ್ಳು, ನಡೆಯುವುದಿಲ್ಲ. ಕೇಳದೆ ಹೆಸರು ಕೊಟ್ಟಳೆಂದು ಸಿಟ್ಟು ಬಂದರೆ, ಬೈಯಲಿಕ್ಕಾದರೂ ಒಂದು ಫೋನ್ ಮಾಡಿ.